ಬಿ-೪೦೨ರ ಹೆಣ್ಣು

ಲಿಫ್ಟಿನ ಗೋಡೆಯಲ್ಲಿ ಆ ಚೀಟಿ ಇದ್ದಲ್ಲಿ ಈಗ ಗೋಂದಿನ ನಾಲ್ಕು ಕಲೆಗಳು ಮಾತ್ರ ಉಳಿದಿದ್ದವು. ಆದರೂ ಚನ್ನವೀರ ಅವುಗಳ ನಡುವಿನ ಖಾಲಿ ಜಾಗವನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಅವನ ಕೈಯಲ್ಲಿ ಮಾವಿನಹಣ್ಣಿನ ಬುಟ್ಟಿ, ಬುಟ್ಟಿಯ ಬಾಯಿಗೆ ಬಿಗಿದ ಹಳೆಯ ಸೀರೆಯ ತುಂಡು, ಒಳಗೆ ಬೆಕ್ಕು. ಪಕ್ಕದಲ್ಲಿ ಹೆಂಡತಿ ರೇಣು ಬಟ್ಟೆಯ ಸಂದಿಯಿಂದ ಒಂದು ಬೆರಳನ್ನು ಒಳಗಿಟ್ಟುಕೊಂಡು ನಿಂತಿದ್ದಳು. ಚೀಟಿ ಹಚ್ಚಿದವಳು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಶೀತಲ್. 'ಬಿ-೪೦೨ ಮಧೀಲ ಮಾದೀಚ್ಯಾ ಓರಡಣ್ಯಾಮುಳೇ ರಹಿವಾಶಾಂನಾ ತ್ರಾಸ ಹೋತ ಆಹೇ' ಎಂದು ಮರಾಠಿಯಲ್ಲಿ ಟೈಪು ಮಾಡಿತ್ತು. ಬಿ-೪೦೨ರ ಹೆಣ್ಣಿನ ಕೂಗಾಟದಿಂದ ನಿವಾಸಿಗಳಿಗೆ ತೊಂದರೆಯಾಗುತ್ತಿದೆ, ಸಂಬಂಧಪಟ್ಟ ಗೃಹಸ್ಥರು ಕೂಡಲೇ ವ್ಯವಸ್ಥೆ ಮಾಡಬೇಕು. ಬೆಕ್ಕು ಎಂಬ ಶಬ್ದ ಬಿಟ್ಟುಹೋಗಿತ್ತು. ಮೊದಲ ದಿನವೇ ಏ ವಿಂಗಿನ ನಿವೃತ್ತ ಮಾಸ್ತರರೊಬ್ಬರು ಲಿಫ್ಟಿನಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು, "ವಹಿನೀ ಬರ್‍ಯಾ ಆಹೇತ ನಾ?" ಎಂದು ಕೇಳಿದ್ದರು. ಅತ್ತಿಗೆ ಆರಾಮ ಇದ್ದಾರೆ ತಾನೇ ಎಂದು. ಚನ್ನವೀರ "ಹೋ, ಹೋ," ಹೌದು ಹೌದು ಎಂದಿದ್ದ. ಬೆಕ್ಕು ಎಂದು ತಿದ್ದಿ ಹೇಳುವುದಕ್ಕೆ ನಾಲ್ಕು ಮಹಡಿ ಸಾಕಷ್ಟು ದೂರವಾಗಿತ್ತು, ಆದರೆ ಅವನು ನೆಲ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ, ಮತ್ತು ಹೊರಗೆ ಬಿಸಿಲಿಗೆ ಬಂದ ಮೇಲೆ ಮಾಸ್ತರರು ಕೇಳಿದ್ದು ಬೆಕ್ಕಿನ ಬಗ್ಗೆಯೇ ಇರಬಹುದು ಎಂದುಕೊಂಡ. ಶೀತಲ್ ಆಮೇಲೆ ಬಾಗಿಲಿಗೆ ಬಂದು, "ಕಾಕಾ, ಮನಾಲಾ ಲಾವೂನ ಘೇಊ ನಕಾ," ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಹೋದಳು. ಹಾಗೆ ಹೇಳಿದ್ದರಿಂದಲೇ ಅದು ಮನಸ್ಸಿಗೆ ಹತ್ತಿತು.

ಆಟೋದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಾಗ ಬೆಕ್ಕಿನ ಮೈಯ ಬಿಸಿ ಬೆತ್ತದ ಹೆಣಿಗೆಯನ್ನು ದಾಟಿ ಅವನ ಮೊಣಕಾಲಿಗೆ ಬರುತ್ತಿತ್ತು. ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅದು ಅಂಗೈಯಷ್ಟು ಇತ್ತು. ನೀರಿನ ಪೈಪುಗಳ ಸಂದಿಯಿಂದ ಹೇಗೋ ನಾಲ್ಕನೆಯ ಮಹಡಿಯ ಅಡುಗೆಮನೆಯ ಕಿಟಕಿಗೆ ಬಂದು, ರೇಣು ಅಲ್ಲಿ ತಣಿಯಲು ಇಟ್ಟಿದ್ದ ಹಾಲಿನ ಕೆನೆಯನ್ನು ತಿಂದು, ಪಾತ್ರೆಯ ಪಕ್ಕದಲ್ಲೇ ಮಲಗಿಬಿಟ್ಟಿತ್ತು. ಅದು ಯಾರಿಗೂ ಅಂಜದೆ ಕೂರುವ ಗತ್ತು ನೋಡಿ ರೇಣು ಗೌಡ್ತಿ ಎಂದು ಹೆಸರಿಟ್ಟಳು. ಸಂಕ್ರಾಂತಿ ದಾಟಿ ಹಗಲು ಉದ್ದವಾಗತೊಡಗಿದ್ದೇ ಗೌಡ್ತಿ ಬೆದೆಗೆ ಬಂತು. ನೆಲಕ್ಕೆ ಎದೆಯೂರಿ, ಹಿಂಭಾಗ ಎತ್ತಿ, ಮುಂಜಾನೆಯ ಕುಕ್ಕರು ಕೂಗುವ ಹೊತ್ತಿಗೆ ತಾನೂ ಶುರುಮಾಡಿದರೆ ಇಡೀ ಬಿ ವಿಂಗು ಕೇಳುವಂತೆ ಅಳುತ್ತಿತ್ತು. ನಾಲ್ಕು ದಿನ ಅತ್ತು, ಒಂದು ವಾರ ಸುಮ್ಮನಿದ್ದು, ಮತ್ತೆ ಶುರು. ಗಂಡು ಸೇರುವ ತನಕ ಬೆಕ್ಕಿನ ಹೊಟ್ಟೆಯಲ್ಲಿ ಅಂಡ ಬಿಡುಗಡೆಯಾಗುವುದೇ ಇಲ್ಲ, ಅದಕ್ಕೇ ಮತ್ತೆ ಮತ್ತೆ ಬೆದೆ ಎಂದು ಪ್ರಾಣಿಗಳ ಡಾಕ್ಟರ್ ಸ್ವಪ್ನಿಲ್ ವಿವರಿಸಿದ್ದ. ಆಪರೇಷನ್ ಒಂದೇ ಸರಿಯಾದ ದಾರಿ ಎಂದೂ ಹೇಳಿದ್ದ. ರೇಣು ಒಪ್ಪಲಿಲ್ಲ. "ಅದರ ಹೊಟ್ಟಿಗೆ ಯಾರೂ ಕೈ ಹಾಕೂದು ಬ್ಯಾಡ," ಎಂದಳು, ಆ ಮಾತು ಹೇಳುವಾಗ ಅವಳ ಕೈ ತನ್ನದೇ ಸೆರಗಿನ ಕೆಳಗೆ ಹೋದದ್ದನ್ನು ಚನ್ನವೀರ ನೋಡಿದ್ದ. ಕಡೆಗೆ ಡಾಕ್ಟರ್ ಮನಸ್ಸಿಲ್ಲದ ಮನಸ್ಸಿನಿಂದ ಗುಳಿಗೆ ಬರೆದುಕೊಟ್ಟ. ವಾರಕ್ಕೆ ಒಂದು, ಭಾನುವಾರ, ಮಳೆಗಾಲದ ತನಕ ಅಷ್ಟೇ. ಅದೇ ವಾರ ಲಿಫ್ಟಿನಲ್ಲಿ ಚೀಟಿ ಬಿತ್ತು. ಮರುದಿನದಿಂದ ಚನ್ನವೀರ, ರೇಣು ಸ್ನಾನಕ್ಕೆ ಹೋದಾಗ, ಪೇಡೆಯೊಳಗೆ ಗುಳಿಗೆ ಒತ್ತಿ, ದಿನಾ ಒಂದು ಕೊಡತೊಡಗಿದ. ಬಚ್ಚಲಿನಿಂದ ನೀರಿನ ಸಪ್ಪಳ ನಿಲ್ಲುವುದರೊಳಗೆ ಮುಗಿಯಬೇಕು. ಬೆಕ್ಕು ಪೇಡೆಯನ್ನು ನೆಕ್ಕುತ್ತ ಅವನ ಕಣ್ಣನ್ನೇ ನೋಡುತ್ತಿತ್ತು. ಮನೆ ನಿಶ್ಶಬ್ದವಾಯಿತು, ಲಿಫ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಹಾಗಿರುವಾಗ ನಿನ್ನೆ ಸಂಜೆ ರೇಣು ಗೌಡ್ತಿಯನ್ನು ಬೆನ್ನ ಮೇಲೆ ಮಲಗಿಸಿ ಒಮ್ಮೆಲೇ ಕೂಗಿದ್ದಳು: "ಇಲ್ಲಿ ನೋಡ್ರೀ! ಇದರ ಎದಿ ನೋಡ್ರಿ!" ಎರಡು ಸಾಲಿನಲ್ಲೂ ಮೊಲೆಗಳು ನಿಂಬೆಕಾಯಿಯಷ್ಟು ಬಾತು ಕೆಂಪಾಗಿದ್ದವು.

ಡಾಕ್ಟರ್ ಸ್ವಪ್ನಿಲ್ ಮರಾಠಿ ಹುಡುಗ, ಆದರೆ ಅವನ ಅಜ್ಜಿ ಅಕ್ಕಲಕೋಟದವಳು. ಆರು ವರ್ಷದವನಾಗುವವರೆಗೆ ಅಜ್ಜಿಯ ತೊಡೆಯ ಮೇಲೆ ಕಲಿತಷ್ಟು ಕನ್ನಡ ಅವನಲ್ಲಿ ಹಾಗೇ ಉಳಿದಿತ್ತು, ಅದಕ್ಕಿಂತ ಒಂದು ದಿನವೂ ಬೆಳೆದಿರಲಿಲ್ಲ. ಚನ್ನವೀರ ಮರಾಠಿಯಲ್ಲಿ ಮಾತಾಡಿದರೂ ಅವನು ಹಠ ಹಿಡಿದು ಆ ಕನ್ನಡದಲ್ಲೇ ಉತ್ತರಿಸುತ್ತಿದ್ದ. ಈಗ ಸ್ಟೀಲಿನ ಮೇಜಿನ ಮೇಲೆ ಗೌಡ್ತಿಯನ್ನು ಒತ್ತಿ ನೋಡುತ್ತ ಹುಬ್ಬು ಗಂಟಿಕ್ಕಿದ.

"ಕಾಕಾ, ಗುಳಿಗಿ ವಾರಕ್ಕ ಒಂದೇ ಕೊಟ್ಟೀರಿ?"

"ಒಂದೇ," ಎಂದ ಚನ್ನವೀರ.

"ಖರೇ?"

"ಭಾನುವಾರ ಭಾನುವಾರ." ಇದನ್ನು ಎಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಅವನ ಕೆಲಸವೇ ಅಂಥದು, ಕೊರಿಯರ್ ಕಂಪನಿಯ ಗೋದಾಮಿನಲ್ಲಿ ಕುಳಿತು, ಕಳೆದುಹೋದ ಪಾರ್ಸೆಲ್ಲುಗಳ ಬಗ್ಗೆ ಜನರಿಗೆ ಬರುತ್ತದೆ, ದಾರಿಯಲ್ಲಿದೆ, ವಿಚಾರಿಸುತ್ತಿದ್ದೇವೆ ಎಂದು ಹೇಳುವುದು. ಇಪ್ಪತ್ತು ವರ್ಷದಿಂದ ಹೇಳುತ್ತ ಬಂದು ಅವನ ಗಂಟಲಿಗೇ ಆ ದನಿ ಅಂಟಿಕೊಂಡಿತ್ತು.

"ಈ ಗುಳಿಗಿ ಏನ್ ಮಾಡ್ತದ ಗೊತ್ತದ ಏನ್ ಮಾವಶಿ?" ಎಂದು ಸ್ವಪ್ನಿಲ್ ರೇಣುವಿನತ್ತ ತಿರುಗಿದ. "ಹೊಟ್ಟಿಗೆ ಸುಳ್ಳು ಹೇಳತದ. ಪಾಪು ಬಂದದ, ಸುಮ್ಮನ ಜೋ ಮಾಡು, ಅಂತದ. ಹೊಟ್ಟಿ ಖರೇ ಅನ್ಕೋತದ. ಅದಕ್ಕ ಅಳೂದು ಬಂದ್. ಭಾಳ ಭಾಳ ಸುಳ್ಳು ಹೇಳಿದ್ರ, ಪಾಪುಗ ಹಾಲು ಬೇಕಲ್ಲ ಅಂತ ಎದಿ ಎಲ್ಲಾ ತಯಾರ್ ಆಗತದ. ಖರೇ ಅಂದ್ರ ಪಾಪು ಇಲ್ಲ."

ಬೆಕ್ಕಿನ ಮುಂಗಾಲನ್ನು ಹಿಡಿದುಕೊಂಡಿದ್ದ ರೇಣುವಿನ ಬೆರಳುಗಳು ಸ್ವಲ್ಪ ಬಿಗಿಯಾದವು. ಇದನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದರೆ ಚನ್ನವೀರ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಆದರೆ ಈ ತೊದಲು ಕನ್ನಡದಲ್ಲಿ, ಮೂವತ್ತು ವರ್ಷದ ಗಡ್ಡದ ಬಾಯಿಂದ, ಪಾಪು ಇಲ್ಲ ಎಂಬ ಮಾತು ಕೇಳಿದಾಗ ಕೋಣೆಯ ಫಿನಾಯಿಲ್ ವಾಸನೆ ಬೇರೆಯೇ ಒಂದು ಆಸ್ಪತ್ರೆಯದಾಯಿತು. ಹದಿನಾಲ್ಕು ವರ್ಷದ ಹಿಂದಿನದು, ಇದೇ ಊರಿನದು. ಮಗುವಾಗಲೆಂದು ದಿನಾ ಒಂದು ಸೂಜಿ. ರೇಣು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತಾನೇ ಚುಚ್ಚಿಕೊಳ್ಳುತ್ತಿದ್ದಳು, ಅವನು ಹತ್ತಿಯ ಉಂಡೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ಕೆಲವು ತಿಂಗಳು ಅವಳ ಎದೆ ಬಾತು ಕುಪ್ಪಸ ಹಾಕಲಾಗುತ್ತಿರಲಿಲ್ಲ, ತಿಂಗಳ ದಿನ ತಪ್ಪುತ್ತಿತ್ತು, ಅವಳು ಬಾಗಿಲ ಹಿಂದೆ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು, ಆಮೇಲೆ ಎಲ್ಲ ಸುಳ್ಳೆಂದು ಗೊತ್ತಾಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮೂರು ವರ್ಷ. ಆ ಸೂಜಿಗಳಿಗೆ ಮೊದಲು ಗಂಡಸಿನ ವೀರ್ಯ ಪರೀಕ್ಷೆಯ ಕಾಗದ ಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಚನ್ನವೀರ ಡಬ್ಬಿ ಇಸಿದುಕೊಂಡು ಒಂದು ಸಣ್ಣ ಕೋಣೆಗೆ ಹೋದ, ಹೊರಗೆ ಯಾರದೋ ಚಪ್ಪಲಿ ಸಪ್ಪಳ ಕೇಳಿ ಹಾಗೇ ಹೊರಗೆ ಬಂದ, ನಮ್ಮೂರಿಗೆ ಹೋದಾಗ ಮಾಡಿಸುತ್ತೇನೆ ಎಂದ. ಸೊಲ್ಲಾಪುರದಲ್ಲಿ ಅವನ ಗೆಳೆಯ ಸಂಜುವಿನ ಲ್ಯಾಬ್ ಇತ್ತು. ಸಂಜು ಚಹಾ ತರಿಸಿ, ಖಾಲಿ ಫಾರಮ್ಮು ಎದುರಿಗಿಟ್ಟುಕೊಂಡು, ಪೆನ್ನಿನ ಟೋಪಿ ತೆಗೆದು ಕೇಳಿದ್ದ: "ಎಷ್ಟು ಬರೀಲೋ? ಆರು ಕೋಟಿ?" ಚನ್ನವೀರ ನಾಚಿ, "ಭಾಳ ಆತು, ನಾಲ್ಕು ಬರಿ," ಎಂದಿದ್ದ. ನಾಲ್ಕು ಕೋಟಿ ಎಂದು ಬರೆದ ಕಾಗದವನ್ನು ಆಸ್ಪತ್ರೆಯ ಡಾಕ್ಟರು ನೋಡಿ, ರೇಣುವಿಗೆ, "ನಿಮ್ಮ ಯಜಮಾನರದು ಏನೂ ತೊಂದರೆಯಿಲ್ಲಮ್ಮ," ಎಂದಾಗ ಅವಳು ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ಅವನಿಗೆ ಕಾಣದ ದಿನವಿಲ್ಲ. ತನ್ನಲ್ಲಿ ನಿಜಕ್ಕೂ ದೋಷವಿತ್ತೋ ಇಲ್ಲವೋ ಇವತ್ತಿಗೂ ಅವನಿಗೆ ಗೊತ್ತಿರಲಿಲ್ಲ, ಆ ಗೊತ್ತಿಲ್ಲದಿರುವಿಕೆಯೇ ಅವನ ಆಸರೆಯಾಗಿತ್ತು.

"ವಾರಕ್ಕ ಒಂದು ಕೊಟ್ರ ಇಷ್ಟು ಆಗಂಗಿಲ್ಲ," ಎಂದ ಸ್ವಪ್ನಿಲ್. "ಅಂದ್ರ ಇದು ಕೆಟ್ಟ ಗಡ್ಡಿ. ಎರಡೂ ಸಾಲು ಕೊಯ್ಯಬೇಕು. ಇವತ್ತೇ."

"ಎಲ್ಲಾನೂ?" ಎಂದಳು ರೇಣು.

"ಎಲ್ಲಾನೂ ಮಾವಶಿ. ಇಲ್ಲಿಂದ ಇಲ್ಲಿ ತನಕ." ಅವನು ಗಾಳಿಯಲ್ಲಿ ಎರಡು ಗೆರೆ ಎಳೆದು ತೋರಿಸಿದ. ರೇಣು ಒಪ್ಪಿಗೆಯ ಕಾಗದಕ್ಕೆ ಕೈ ಚಾಚಿದಳು. ಕ್ಷೌರದ ಯಂತ್ರ ಗುರ್ರೆಂದಿತು. ಗೌಡ್ತಿಯ ಹೊಟ್ಟೆಯ ಮೇಲೆ ಬೋಳಾದ ಒಂದು ಪಟ್ಟೆ ಮೂಡಿತು, ಗುಲಾಬಿ ಬಣ್ಣದ, ಯಾರಿಗೂ ತೋರಿಸಬಾರದಂಥ ಚರ್ಮ. ಇನ್ನೊಂದು ಪಟ್ಟೆ. ಈಗ ಹೇಳಿದರೆ ತಾನು ಮಾಡಿದ್ದು ಇಡೀ ಗೊತ್ತಾಗುತ್ತದೆ, ಹೇಳದಿದ್ದರೆ ಒಂದು ಬೆಕ್ಕಿನ ಎದೆ ಹೋಗುತ್ತದೆ ಎಂದು ಅವನು ತೂಗಿ ನೋಡಿದ. ಕ್ಷಣಕಾಲ ಬೆಕ್ಕಿನ ಎದೆಯೇ ಹಗುರವೆನಿಸಿತು, ಹಾಗೆ ಅನಿಸಿದ್ದಕ್ಕೆ ಅವನ ಬೆನ್ನು ಬೆವರಿತು.

"ದಿನಾ ಕೊಟ್ಟೀನಿ," ಎಂದ.

ಯಂತ್ರ ನಿಂತಿತು. "ಏನ್ ಕಾಕಾ?"

"ಗುಳಿಗಿ. ದಿನಾ ಒಂದು. ಇಪ್ಪತ್ತೆರಡು ದಿನ."

ಸ್ವಪ್ನಿಲ್‌ನ ಮುಖ ಅರಳಿತು. "ಭಾಳ ಚಲೋ ಆತು!" ಎಂದು ಕೂಗಿ, ಕೈಗವಸು ತೆಗೆದು, ಚನ್ನವೀರನ ಕೈಯನ್ನು ಹಿಡಿದು ಕುಲುಕಿದ. "ಹಂಗಾದ್ರ ಗಡ್ಡಿ ಅಲ್ಲ. ಗುಳಿಗಿ ಬಂದ್ ಮಾಡ್ರಿ, ಬಿಸಿ ನೀರಿನ ಶಾಖ ಕೊಡ್ರಿ, ತಾನ ಇಳೀತದ. ಕೊಯ್ಯೂದು ಏನೂ ಇಲ್ಲ! ಇಳಿದ ಮ್ಯಾಲೆ ಗರ್ಭಚೀಲದ ಆಪರೇಷನ್ ಮಾಡೋಣ. ಶಾಬ್ಬಾಸ್ ಕಾಕಾ!"

ಇಪ್ಪತ್ತು ವರ್ಷದಲ್ಲಿ ಯಾರೂ ಚನ್ನವೀರನ ಕೈ ಹೀಗೆ ಕುಲುಕಿರಲಿಲ್ಲ. ಮೋಸ ಮಾಡಿ, ಸಿಕ್ಕಿಬಿದ್ದು, ಶಾಬ್ಬಾಸ್ ಅನ್ನಿಸಿಕೊಂಡ ಆ ಕೈ ಅವನಿಗೆ ಬೇರೆಯವರದೆಂಬಂತೆ ಕಂಡಿತು. ಏನೋ ಸಡಿಲವಾಯಿತು. ಬಾಯಿ ಮುಚ್ಚಲು ಹೋದ, ಬಾಯಿ ತನ್ನ ಪಾಡಿಗೆ ಮಾತಾಡಿತು.

"ಇನ್ನೊಂದದ ಡಾಕ್ಟರ್. ಟೆಸ್ಟ್ ಮಾಡಿಸಿಲ್ಲ."

"ರಕ್ತದ್ದಾ? ಈಗ ಬ್ಯಾಡ ಬಿಡ್ರಿ," ಎಂದ ಸ್ವಪ್ನಿಲ್, ಬೆಕ್ಕಿನ ಕಾರ್ಡಿನಲ್ಲಿ ಬರೆಯುತ್ತ.

"ರಕ್ತದ್ದಲ್ಲ. ಹದಿನಾಲ್ಕು ವರ್ಷದ ಹಿಂದ ಮಾಡಿಸಬೇಕಾಗಿತ್ತು. ಮಾಡಿಸಿಲ್ಲ. ಸುಳ್ಳು ಕಾಗದ ಬರಸಿದೆ."

ಸ್ವಪ್ನಿಲ್ ಕಾರ್ಡನ್ನು ತಿರುಗಿಸಿ ನೋಡಿದ. "ಹದಿನಾಲ್ಕು ವರ್ಷ? ಬೆಕ್ಕಿಗೆ ಹನ್ನೊಂದು ತಿಂಗಳು ಅಂತ ಬರೆದದಲ್ಲ?" ಎಂದು, ವಯಸ್ಸಿನ ಅಂಕಣದಲ್ಲಿ ಹೊಡೆದುಹಾಕಿ ತಿದ್ದಲು ಹೊರಟ.

"ಬೆಕ್ಕಿಂದಲ್ರಿ. ನಂದು," ಎಂದ ಚನ್ನವೀರ. "ಗಂಡಸರ ಟೆಸ್ಟ್."

ಪೆನ್ನು ಹಿಡಿದ ಡಾಕ್ಟರನ ಕೈ ಅಲ್ಲೇ ನಿಂತಿತು. ಅಜ್ಜಿ ಕಲಿಸಿದ ಕನ್ನಡದಲ್ಲಿ ಇದಕ್ಕೆ ಮಾತಿರಲಿಲ್ಲ. ಅವನು ಮೊದಲ ಬಾರಿಗೆ ಮರಾಠಿಯಲ್ಲಿ, ತೀರ ಮೆಲ್ಲಗೆ, ತಾನು ಪಶುವೈದ್ಯ ಎಂದು ಹೇಳಿದ. ಆಮೇಲೆ ಕಾರ್ಡಿನಲ್ಲಿ ಅರ್ಧ ಹೊಡೆದುಹೋದ ಹನ್ನೊಂದನ್ನು ಮತ್ತೆ ಸ್ಪಷ್ಟವಾಗಿ ಬರೆದ. ರೇಣು ಗೌಡ್ತಿಯ ಕಾಲನ್ನು ಬಿಟ್ಟಿರಲಿಲ್ಲ. ಬೆಕ್ಕು ಅವಳ ಮುಂಗೈಯನ್ನು ನೆಕ್ಕುತ್ತಿತ್ತು. ಅವಳು ಗಂಡನನ್ನು ನೋಡದೆ ಡಾಕ್ಟರನನ್ನು ಕೇಳಿದಳು: "ಶಾಖ ದಿನಕ್ಕ ಎಷ್ಟು ಸಲ ಕೊಡಬೇಕ್ರಿ?"

"ಮೂರು ಸಲ ಮಾವಶಿ."

"ಇವರಿಗೆ ಹೇಳ್ರಿ," ಎಂದಳು.

ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಪಂಜರದಲ್ಲಿ ಗಿಳಿ ಇಟ್ಟುಕೊಂಡು ಕುಳಿತಿದ್ದಳು. ರೇಣು ಅವಳ ಪಕ್ಕ ಕುಳಿತಳು, ಚನ್ನವೀರ ಬುಟ್ಟಿ ಹಿಡಿದು ಎದುರಿಗೆ ನಿಂತ. ಅವಳು ಅಳಬಹುದು, ಬೈಯಬಹುದು, ಹೊಡೆಯಲೂಬಹುದು ಎಂದು ಅವನು ಎಲ್ಲದಕ್ಕೂ ತಯಾರಾದ, ಗಿಳಿಯ ಹೆಂಗಸಿಗೆ ಕನ್ನಡ ಬರದಿದ್ದರೆ ಸಾಕು ಎಂದೂ ಒಳಗೊಳಗೇ ಬೇಡಿಕೊಂಡ, ಆ ಬೇಡಿಕೆ ಅವನಿಗೇ ಅಸಹ್ಯವಾಯಿತು.

"ನೀವು ಹತ್ತಿ ಹಿಡಕೊಂಡು ಕೂಡ್ತಿದ್ರಿ," ಎಂದಳು ರೇಣು. "ನಾ ಸೂಜಿ ಚುಚ್ಚಿಕೊಳ್ಳುವಾಗ ನಿಮ್ಮ ಕೈ ನಡಗ್ತಿತ್ತು. ನನ್ನ ಸಲುವಾಗಿ ಅಂತ ತಿಳಕೊಂಡಿದ್ದೆ."

"ನಿನ್ನ ಸಲುವಾಗೇ…"

"ಸುಮ್ಮನಿರ್ರಿ."

ಅವಳು ಎದ್ದು, ಬಟ್ಟೆಯ ಸಂದಿಯಿಂದ ಗೌಡ್ತಿಯ ಹಣೆ ತಟ್ಟಿ, ರಸ್ತೆಗಿಳಿದು ಆಟೋ ನಿಲ್ಲಿಸಿದಳು. ಘಾಟಿನಾಚೆಯ ಸಾಸವಡದಲ್ಲಿ ಅವಳ ಅಕ್ಕ ಭೀಮವ್ವನ ಮನೆ. ಅಲ್ಲಿಗೆ ಹೋಗುತ್ತೇನೆಂದು ಹೇಳಿದಳೇ ಹೊರತು ಎಂದು ಬರುತ್ತೇನೆಂದು ಹೇಳಲಿಲ್ಲ. ಅವಳ ಕೈಯಲ್ಲಿ ಪರ್ಸು ಬಿಟ್ಟರೆ ಏನೂ ಇರಲಿಲ್ಲ. ಗಿಳಿಯ ಹೆಂಗಸು ಅಪ್ಪಟ ಧಾರವಾಡದ ಕನ್ನಡದಲ್ಲಿ, "ಕೂಡ್ರಿ, ನಿಮಗ ತಲಿ ತಿರಗಲಿಕ್ಕತ್ತದ," ಎಂದಳು.

ಆಮೇಲಿನ ದಿನಗಳನ್ನು ಚನ್ನವೀರ ಶಾಖದಿಂದ ಶಾಖಕ್ಕೆ ಎಣಿಸಿದ. ಗೋದಾಮಿಗೆ ರಜೆ ಹಾಕಿದ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಗೌಡ್ತಿಯ ಬೋಳು ಹೊಟ್ಟೆಯ ಮೇಲೆ ಇಡುತ್ತಿದ್ದ. ಬೆಕ್ಕು ಮೊದಲೆರಡು ದಿನ ಅವನ ಕೈಯನ್ನು ಪರಚಿ ರಕ್ತ ಬರಿಸಿತು, ಮೂರನೆಯ ದಿನ ಸಹಿಸಿತು, ನಾಲ್ಕನೆಯ ದಿನ ಕಾಲು ಅಗಲಿಸಿ ಮಲಗಿ ಇನ್ನೂ ಬೇಕು ಎನ್ನುವಂತೆ ನೋಡಿತು. ಸಂಜೆ ಆರಕ್ಕೆ ರೇಣು ಫೋನು ಮಾಡುತ್ತಿದ್ದಳು. ಬೆಕ್ಕಿನ ವಿಷಯ ಬಿಟ್ಟು ಒಂದು ಮಾತಿಲ್ಲ. ಎಡಗಡೆಯ ಮೂರನೆಯದು ಇಳಿದಿದೆಯೇ, ಕೆಂಪು ಕಡಿಮೆಯಾಗಿದೆಯೇ, ಏನು ತಿಂತು. ಅವನು ಒಂದೊಂದಕ್ಕೂ ಸರಿಯಾಗಿ ಉತ್ತರಿಸುತ್ತಿದ್ದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದ, ಒಮ್ಮೆ ಫೋನನ್ನು ಹಿಡಿದೇ ಹೋಗಿ ಮತ್ತೆ ಮುಟ್ಟಿ ನೋಡಿ ಬಂದು ಹೇಳಿದ. ಒಂದು ಸುಳ್ಳೂ ಇಲ್ಲದೆ ಹೆಂಡತಿಯೊಡನೆ ಇಷ್ಟು ಹೊತ್ತು ಮಾತಾಡಿದ್ದು ತನ್ನ ಮದುವೆಯಲ್ಲೇ ಇಲ್ಲವೆಂದು ಅವನಿಗೆ ಹೊಳೆಯಿತು. ಆ ಮಾತುಗಳೆಲ್ಲ ಮೊಲೆಯ ಗಾತ್ರದ ಬಗ್ಗೆ ಎಂಬುದು ನಗುವ ವಿಷಯವೋ ಅಲ್ಲವೋ ನಿರ್ಧರಿಸಲಾಗಲಿಲ್ಲ. ಹದಿನೇಳನೆಯ ಸಂಜೆ, ಎಲ್ಲ ಇಳಿದಿದೆ ಎಂದು ಅವನು ಹೇಳಿದ.

"ಈಗ ನೀವು ಮಾಡಸ್ರಿ," ಎಂದಳು ರೇಣು.

"ಏನು?"

"ಟೆಸ್ಟ್."

ಅವನು ಗೋಡೆಗೆ ಒರಗಿದ. "ರೇಣು, ನನಗೀಗ ಐವತ್ಮೂರು. ಈಗಿಂದು ಆಗಿಂದನ್ನ ಹೇಳಂಗಿಲ್ಲ."

"ಗೊತ್ತದ."

"ಮತ್ತ ಯಾಕ?"

"ಯಾಕ ಅಂತ ನಾ ಮೂರು ವರ್ಷ ಒಂದು ದಿನಾನೂ ಕೇಳಲಿಲ್ಲ," ಎಂದು ಅವಳು ಫೋನಿಟ್ಟಳು.

ಮರುದಿನ ಬೆಳಿಗ್ಗೆ ಖರಾಡಿ ಬಡಾವಣೆಯ ಲ್ಯಾಬಿನಲ್ಲಿ, ಟೇಬಲ್ಲಿನ ಹಿಂದೆ ಕುಳಿತ ಇಪ್ಪತ್ತೆರಡರ ಹುಡುಗಿ ಅವನ ಉತ್ತರಗಳನ್ನು ಕಂಪ್ಯೂಟರಿಗೆ ಹಾಕುತ್ತ ಹೋದಳು. ಮದುವೆಯಾಗಿ ಎಷ್ಟು ವರ್ಷ? ಇಪ್ಪತ್ತಾರು. ಮಗುವಿಗಾಗಿ ಯಾವಾಗಿನಿಂದ ಪ್ರಯತ್ನ ಮಾಡುತ್ತಿದ್ದೀರಿ? ಚನ್ನವೀರ ಯೋಚಿಸಿ, "ಇವತ್ತಿನಿಂದ," ಎಂದ. ಅವಳು ತಲೆಯೆತ್ತಲಿಲ್ಲ, ಹಾಗೇ ಹಾಕಿಕೊಂಡಳು. ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರು ತರುಣರು, ಅವನನ್ನು ಮಗನ ಬದಲಿಗೆ ಬಂದ ಯಾರೋ ತಂದೆಯೆಂದು ತಿಳಿದು, ಕುರ್ಚಿ ಬಿಟ್ಟುಕೊಟ್ಟರು. ಒಳಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಸೋಫಾ, ಜಲಪಾತದ ಚಿತ್ರ, ಸರಿಯಾಗಿ ನಿಲ್ಲದ ನಲ್ಲಿ. ಹೊರಗೆ ಚಪ್ಪಲಿಗಳು ಓಡಾಡಿದವು, ಯಾರೋ ಅವನ ಹೆಸರನ್ನು ತಪ್ಪಾಗಿ ಕೂಗಿದರು, ಬಾಗಿಲನ್ನು ಎರಡು ಸಲ ಬಡಿದರು. ಅವನು ಒಮ್ಮೆ ಚಿಲಕಕ್ಕೆ ಕೈಯಿಟ್ಟ. ಚಿಲಕ ತಣ್ಣಗಿತ್ತು. ಮತ್ತೆ ಬಂದು ಕುಳಿತ. ಮುಕ್ಕಾಲು ಗಂಟೆಯ ಮೇಲೆ ಹೊರಬಂದು ಡಬ್ಬಿ ಕೊಟ್ಟಾಗ ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡದೆ, ಮುಚ್ಚಳದ ಮೇಲೆ ಅವನ ಹೆಸರಿನ ಚೀಟಿಯನ್ನು ನೇರವಾಗಿ ಅಂಟಿಸಿ, "ಥ್ಯಾಂಕ್ಯೂ ಕಾಕಾ," ಎಂದಳು. ಅಷ್ಟು ಸಣ್ಣ ಸೌಜನ್ಯಕ್ಕೆ ಅವನ ಕಣ್ಣು ತುಂಬಿ, ಹೊರಹೋಗುವ ಬಾಗಿಲು ತಿಳಿಯದೆ ಎಕ್ಸ್‌ರೇ ಕೋಣೆಯೊಳಗೆ ಹೋಗಿಬಿಟ್ಟ.

ಎರಡು ದಿನದ ಮೇಲೆ ಕಾಗದ ಬಂತು. ಅಂಟಿಸಿದ ಲಕೋಟೆ. ಅದನ್ನು ಒಡೆಯುವ ಹಕ್ಕು ತನ್ನದಲ್ಲ ಎಂದು ಅವನಿಗೆ ಅನಿಸಿತು, ಒಡೆಯಲು ಭಯವೂ ಆಗಿತ್ತು, ಈ ಎರಡರಲ್ಲಿ ಯಾವುದು ಹೆಚ್ಚೆಂದು ಬಸ್ಸಿನುದ್ದಕ್ಕೂ ಯೋಚಿಸಿದ. ಗೌಡ್ತಿಯನ್ನು ಶೀತಲಳ ಮನೆಯಲ್ಲಿ ಬಿಟ್ಟು ಬಂದಿದ್ದ. ಸಾಸವಡದ ಓಣಿಯಲ್ಲಿ ಭೀಮವ್ವ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅವನನ್ನು ನೋಡಿ, "ಬರ್ರಿ ಬರ್ರಿ," ಎಂದಳು, ಎಂದಿನಂತೆ ಗಟ್ಟಿಯಾಗಿ. ರೇಣು ಹೇಳಿಲ್ಲ ಎಂದು ಅವನಿಗೆ ಗೊತ್ತಾಯಿತು. ರೇಣು ಒಳಗಿನಿಂದ ಬಂದು ಕೈಚಾಚಿದಳು. ಲಕೋಟೆಯನ್ನು ಬೆಳಕಿಗೆ ಒಯ್ದು, ಬದಿಯಿಂದ ನೀಟಾಗಿ ಹರಿದು, ನಿಂತೇ ಓದಿದಳು. ಇಂಗ್ಲಿಷ್ ಅಂಕಿಗಳು ಅವಳಿಗೆ ಚೆನ್ನಾಗಿ ಬರುತ್ತವೆ. ಮತ್ತೊಮ್ಮೆ ಓದಿದಳು. ಅವಳ ಮುಖದ ಮೇಲೆ ಏನಾದರೂ ಬರುವುದೆಂದು ಚನ್ನವೀರ ಕಾದ. ಬರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟು ಜಿಪ್ಪು ಎಳೆದಳು.

"ಏನ್ ಅದ ರೇಣು?"

"ನನ್ನ ಕಡೆ ಇರ್ಲಿ," ಎಂದಳು.

"ನನಗ…"

"ನಿಮಗ ಗೊತ್ತಿರಲಾರದ ರೂಢಿ ಅದ ಅಲ್ರೀ."

ಊಟ ಬಡಿಸಿದಳು. ಎರಡನೆಯ ರೊಟ್ಟಿ ಕೇಳದೆಯೇ ಹಾಕಿದಳು, ಮೂರನೆಯದಕ್ಕೆ ಅವನು ತಟ್ಟೆ ಅಡ್ಡ ಹಿಡಿದರೂ ಹಾಕಿದಳು. ಆಮೇಲೆ ಅಕ್ಕನಿಗೆ ಹೇಳಿ ಚಪ್ಪಲಿ ಮೆಟ್ಟಿ ಹೊರಟಳು, ಬರುವಾಗ ಹಿಡಿದುಕೊಂಡು ಬಂದ ಅದೇ ಪರ್ಸು, ಬೇರೆ ಸಾಮಾನಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತು ಪರ್ಸನ್ನು ತೊಡೆಯ ಮೇಲಿಟ್ಟುಕೊಂಡಳು. ಘಾಟಿನ ಬಿಸಿಲು ಅವಳ ಅರ್ಧ ಮುಖದ ಮೇಲೆ ಬಿದ್ದಿತ್ತು. ಅವನು ಆ ಅರ್ಧ ಮುಖವನ್ನು ಕದ್ದು ಕದ್ದು ನೋಡಿದ. ಕರುಣೆಯಿದ್ದರೆ ಇಷ್ಟು, ತಿರಸ್ಕಾರವಿದ್ದರೆ ಇಷ್ಟು ಎಂದು ಏನೇನೋ ಲೆಕ್ಕ ಹಾಕಿದ. ಯಾವುದೂ ಹೊಂದಲಿಲ್ಲ. ಇಳಿಜಾರಿನ ನಡುವೆ, ಕುರಿಹಿಂಡೊಂದು ದಾಟಲೆಂದು ಬಸ್ಸು ನಿಂತಾಗ, ರೇಣು ಒಮ್ಮೆಲೇ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯದೆ ಅವಳ ಹೆಗಲು ಕುಲುಕಿತು, ಕಣ್ಣಲ್ಲಿ ನೀರು ಬಂತು, ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ.

"ಏನಾತು?" ಎಂದ ಚನ್ನವೀರ.

ಅವಳು ಪರ್ಸಿನ ಜಿಪ್ಪಿನ ಮೇಲೆ ಕೈಯಿಟ್ಟು ಇಲ್ಲವೆಂಬಂತೆ ತಲೆಯಾಡಿಸಿದಳು, ಮತ್ತೆ ನಕ್ಕಳು. ಕುರಿಗಳು ದಾಟಿದವು. ಬಸ್ಸು ಹೊರಟಿತು. ಚನ್ನವೀರ ಮತ್ತೆ ಕೇಳಲಿಲ್ಲ.